ಕಳ್ಳ ಬರದಂಗ ಕುಂದರಿಸಿದ ಶಟರ್

ಶಟರ್ ಅಂದ್ರ ಏನ್ರಿ, ಮ್ಯಾಲ ಹೋಗತೈತಿ, ಕೆಳಗ ಬರತೈತಿ, ಅಷ್ಟ. ಆದ್ರ ನಮ್ಮನಿ ಶಟರ್ ಮ್ಯಾಲ ಹೋದ್ರೂ ಓಣಿ ಮಂದಿಗೆ ನಗಿ, ಕೆಳಗ ಬಂದ್ರೂ ನಗಿ. ನಗೂ ಮಂದಿಗೆ ಏನ್ ಗೊತ್ತೈತಿ. ಹುಬ್ಬಳ್ಳಿ ಪ್ಯಾಟ್ಯಾಗ ಮುಂಜಾನೆ ಅಂಗಡಿಕಾರರು ಗರ್ರ್ ಅಂತ ಎತ್ತತಾರಲ್ಲ, ಆ ಶಟರಿನೊಳಗ ಎಷ್ಟೋ ಈ ಕೈ ಮಾಡಿದ್ವು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಾಗ ಆನಿ ಹಾಯೂವಂಥಾ ಗೋಡೌನ್ ಶಟರ್ ಕುಂದರಿಸೇನಿ. ಸಾಲಿ ಮೂರನೇತ್ತಕ್ಕ ಬಿಟ್ಟೆ. ಬಿಟ್ಟದ್ದ ಛಲೋ ಆತು, ಇಲ್ಲಾಂದ್ರ ಈ ಊರಿನ ಅಂಗಡಿ ಎಲ್ಲಾ ಬಾಗಲಾ ಇಲ್ದ ಬಯಲಿಗೆ ಬೀಳತಿದ್ವು.

ಈಗ ಕೆಲಸಾ ಬಿಟ್ಟು ಗಬ್ಬೂರಾಗ ಮನಿ ಕಟ್ಟಿಸಿಕೊಂಡು ಕುಂತೇನಿ. ಮನಿ ಬಾಜೂಕ ಕಾರ್ ನಿಂದರಸಾಕ ಒಂದು ಶೆಡ್ಡು ಐತಿ. ಅದಕ್ಕ ಮೊದಲ ಕೈಲೆ ದೂಡೂ ಗೇಟ್ ಇತ್ತು. ದೂಡಿದ್ರ ಓಣಿ ತುಂಬ ಕಿರ್ರ್ ಅಂತಿತ್ತು. ಒಳಗ ಅಡಗಿಮನ್ಯಾಗ ಇದ್ದ ನಮ್ಮ ಮನ್ಯಾಕಿಗೆ ನಾ ಹೊರಬಿದ್ದದ್ದು ಗೊತ್ತಾಗತಿತ್ತು. ತ್ರಾಸು ಇರೂದ ಅಲ್ಲಿ. ಡಾಕ್ಟರು ನನಗ ಎಣ್ಣ್ಯಾಗ ಕರದದ್ದು ಮುಟ್ಟಬ್ಯಾಡ ಅಂದಾರ. ನನಗ ಸಂಜಿ ಆತಂದ್ರ ಬೈಪಾಸ್ ಕಡೆ ಹೋಗಿ ಒಂದು ಚುರಮರಿ ಗಿರಮಿಟ್ಟು, ಮ್ಯಾಲ ಬಿಸಿ ಮಿರ್ಚಿ ಭಜಿ ತಿನ್ನಲಿಲ್ಲಂದ್ರ ಕಾಲಾಗ ಶಕ್ತಿನ ಇರೂದಿಲ್ಲ. ಡಾಕ್ಟರಿಗೆ ಅದನ್ನ ಯಾರೂ ಕಲಿಸಿಲ್ಲ ಕಾಣಸತೈತಿ.

ಅದಕ್ಕ ಮೋಟರ್ ಮ್ಯಾಲ ನಡಿಯೂ ಶಟರ್ ಹಾಕಸೂದಂತ ಠರಾವ್ ಮಾಡಿದೆ. ರಿಮೋಟ್ ಒತ್ತಿದ್ರ ಬೆಕ್ಕು ಎದ್ದಂಗ ಏಳತೈತಿ, ಸಪ್ಪಳ ಇಲ್ಲ. ಮನ್ಯಾಕಿಗೆ ಮಾತ್ರ, ವಯಸ್ಸಾತು, ಗೇಟ್ ದೂಡಿ ರಟ್ಟಿ ನೋಯತಾವು ಅಂದೆ.

ಆಕಿ ಉಪ್ಪಿನಬೆಟಗೇರಿಯಾಕಿ. ನಾ ಒಂದು ಅಂದ್ರ ಅದರ ಹಿಂದಿಂದು ಆಕಿಗೆ ಮೊದಲ ಗೊತ್ತಿರತೈತಿ. "ಹಾಕಸ್ರಿ," ಅಂದ್ಲು. "ಆದ್ರ ಒಳಗಾಗಲಿ ಹೊರಗಾಗಲಿ, ಅದು ನಿಮ್ಮನ್ನ ಒಂದ ಸಲ ಸಿಗಿಸಿತು ಅಂದ್ರ, ಆ ರಿಮೋಟ್ ನನ್ನ ಕೈಯಾಗ ಕೊಡಬೇಕು ನೋಡ್ರಿ."

ರಿಮೋಟ್ ಹೋತಂದ್ರ ಮಿರ್ಚಿ ಹೋತು. ಅದು ನನಗ ಗೊತ್ತಿತ್ತು. ಆದ್ರ ನಾ ಕುಂದರಿಸಿದ ಶಟರ್ ನನ್ನ ಸಿಗಸತೈತೇನು? ಹೂಂ ಅಂದೆ.

ಕಣ್ಣಿಗೆ ವಿಭೂತಿ

ಮೋಟರ್ ಹಚ್ಚಾಕ ಬಂದ ಮನಷ್ಯಾ ಕೆಲಸಕ್ಕ ಅಡ್ಡಿಯಿಲ್ಲ, ಮಾತು ಭಾಳ. ಶಟರ್ ಬಡ್ಡ್ಯಾಗ ಈ ಕಡೆ ಒಂದು ಆ ಕಡೆ ಒಂದು, ಕಡ್ಡಿಪೆಟಗಿ ಅಷ್ಟ ಡಬ್ಬಿ ಹಚ್ಚಿ, ಇವು ಇದರ ಕಣ್ಣು ಕಾಕಾ, ನಡುವ ಕೂಸರ ಬರಲಿ ನಾಯಿಯರ ಬರಲಿ, ಇವಕ್ಕ ಗೊತ್ತಾಗಿ ಶಟರ್ ಇಳಿಯೂದಿಲ್ಲ ಅಂದ. ನಾ ಶಟರ್ ಮಾಡುವಾಗ ನೀ ಹುಟ್ಟಿದ್ದಿಲ್ಲ, ಮುಂದಿನ ಕೆಲಸಾ ನೋಡು ಅಂದೆ.

ಹೊಸಾ ಮಶೀನು ಬಂದ್ರ ಪೂಜಿ ಇಲ್ದ ನಡಸೂದು ನಮ್ಮನ್ಯಾಗ ಇಲ್ಲ. ಮರುದಿನ ಜಳಕಾ ಮಾಡಿ, ಬಟ್ಟಲಾ ತುಂಬ ವಿಭೂತಿ ಕಲಿಸಿಕೊಂಡು ಹೊಂಟೆ. ಮೂರು ಬೆರಳು ಎದ್ದಿ ಶಟರಿಗೆ ಹಚ್ಚಿದೆ, ಏಣಿ ಏರಿ ಮೋಟರಿಗೆ ಹಚ್ಚಿದೆ, ಕಾರಿಗೆ ಹಚ್ಚಿದೆ, ರಿಮೋಟಿಗೂ ಸಣ್ಣಂಗ ಎಳದೆ. ಅರ್ಧಾ ಕೆಲಸಾ ನನ್ನ ಜನ್ಮದಾಗ ಇಲ್ಲ. ಕೆಳಗಿನ ಡಬ್ಬಿಗಳನ್ನೂ ಬಿಡಲಿಲ್ಲ. ಕಾಯಿ ಒಡದು ರಿಮೋಟ್ ಒತ್ತಿದೆ. ಶಟರ್ ಮ್ಯಾಲ ಹೋತು. ಓಣಿ ಮಂದಿ ಭಲೇ ಅಂದ್ರು. ಮತ್ತೊಮ್ಮಿ ಒತ್ತಿದೆ. ಇಳೀಲಿಲ್ಲ. ಹೆಬ್ಬಟ್ಟು ನೋವು ಬರೂಮಟ ಒತ್ತಿದೆ. ಊಹೂಂ.

ಫೋನ್ ಹಚ್ಚಿ ಆ ಮನಷ್ಯಾಗ, ಅವನ ಮೋಟರಿಗೆ, ಮೋಟರ್ ಮಾಡಿದವರಿಗೆ ಎಲ್ಲಾರಿಗೂ ಸೇರಿಸಿ ಬೈದೆ. ಅಂವ ಉಣ್ಣೂದು ಬಿಟ್ಟು ಓಡಿ ಬಂದ. ಅಷ್ಟೊತ್ತಿಗೆ ನಾ ಏಣಿ ಮ್ಯಾಲ ನಿಂತು ಮೋಟರ್ ಬಿಚ್ಚಾಕ ಪಾನಾ ಹಾಕಿದ್ದೆ. ನಾ ಮ್ಯಾಲಿಂದ ಅಂವಗ ಬುದ್ಧಿ ಹೇಳಾಕತ್ತೇನಿ, ಅಂವ ಕೆಳಗಿಂದ ಕೈಮುಗಿದು ಇಳೀರಿ ಕಾಕಾ ಅನ್ನಾಕತ್ತಾನ.

ಮನ್ಯಾಕಿ ಅಂವಗ ಚಹಾ ತಂದ್ಲು. ಬಗ್ಗಿ ನೋಡಿದ್ಲು. ಸೆರಗಿಲೆ ಆ ಡಬ್ಬಿ ಒಂದು, ಈ ಡಬ್ಬಿ ಒಂದು ಒರಸಿದ್ಲು. ರಿಮೋಟ್ ತಗೊಂಡು ಒತ್ತಿದ್ಲು. ಶಟರ್ ತಣ್ಣಗ ಇಳೀತು.

"ಕಣ್ಣಾಗ ಬೂದಿ ತುಂಬಿದ್ರ ಅದಕ್ಕೇನು ಕಾಣತೈತ್ರಿ?" ಅಂದ್ಲು. "ನಿಮಗ ಚಾಳೀಸ ಹಾಕ್ಕೊಂಡ್ರೂ ಕಾಣಾಂಗಿಲ್ಲ."

ನಾ ಏಣಿ ಇಳದು ಮೊದಲ ರಿಮೋಟ್ ಇಸಗೊಂಡೆ. ಶಟರ್ ತಗದ ಇತ್ತಲ್ಲ, ಯಾರನ್ನೂ ಸಿಗಿಸಿಲ್ಲಲ್ಲ, ಕರಾರು ಕರಾರನ ಅಂದೆ.

ಬೀಗರ ಟೊಪ್ಪಿಗಿ

ಮಂದಿ ಹಾಡಿ ಹೊಗಳಾಕತ್ತಿದ್ರು, ದೃಷ್ಟಿ ತಾಗೂದಂತೂ ಖರೇ. ಅಮಾಸಿ ದಿನಾ ನಿಂಬಿಹಣ್ಣು, ಮೆಣಸಿನಕಾಯಿ ಪೋಣಿಸಿದ್ದು ತಂದೆ. ಅಂಗಡಿಯವರು ಅದನ್ನ ಚೌಕಟ್ಟಿಗೆ ಕಟ್ಟತಾರ. ಚೌಕಟ್ಟು ಯಾರು ನೋಡತಾರ? ನೋಡೂದು ಶಟರ್. ಅದಕ್ಕ ನಟ್ಟನಡುವ ಶಟರಿಗೇ ಒಂದು ಕೊಂಡಿ ಹಚ್ಚಿ ಜೋತುಬಿಟ್ಟೆ.

ಅವತ್ತ ಧಾರವಾಡದಿಂದ ಬೀಗರು ಬಂದ್ರು, ನನ್ನ ಮಗಳ ಮಾವ. ಹತ್ತಿ ವ್ಯಾಪಾರ ಮಾಡಿ ಬಿಟ್ಟವರು. ಬೆಳ್ಳನ್ನ ಧೋತರಾ, ಬೆಳ್ಳನ್ನ ಟೊಪ್ಪಿಗಿ, ಒಂದು ಕಲಿ ಇರೂದಿಲ್ಲ. ಮಾತು ಹೆಂಗಂದ್ರ, ಬೈದ್ರೂ ಆಶೀರ್ವಾದ ಮಾಡಿದಂಗ ಕೇಳಸತೈತಿ. ಅವರನ್ನ ಶಟರ್ ಬುಡಕನ ನಿಂದರಿಸಿ, ಬೀಗರ, ಮ್ಯಾಲ ನೋಡಕೋತ ನಿಂದರ್ರಿ ಅಂತ ರಿಮೋಟ್ ಒತ್ತಿದೆ.

ಶಟರ್ ಎದ್ದು ಮ್ಯಾಲ ಸುತ್ತಿಕೊಳ್ಳಾಕತ್ತು. ಅದರ ಜೋಡಿ ನಿಂಬಿಹಣ್ಣೂ ಸುತ್ತಿಕೊಂತು. ಪಚಕ್ ಅಂತು. ರಸಾ ಟೊಪ್ಪಿಗಿ ಮ್ಯಾಲ ಬಿತ್ತು. ಹಿಂದಿಂದ ಮೆಣಸಿನಕಾಯಿ ಬೀಜಾ ಮೈಮ್ಯಾಲ ಅಕ್ಷತಿ ಬಿದ್ದಂಗ ಉದರಿದ್ವು. ನಮ್ಮ ಮನ್ಯಾಕಿ ಸೆರಗು ಬಾಯಾಗ ತುರಕೊಂಡು ಒಳಗ ಓಡಿದ್ಲು.

ಬೀಗರು ಟೊಪ್ಪಿಗಿ ತಗದ್ರು, ತಿರುಗಿಸಿ ನೋಡಿದ್ರು. "ಇದು ಉಪ್ಪಿನಕಾಯಿ ಹಾಕೂ ಮಶೀನು ಅಂತ ಫೋನ್ ಮಾಡಿದಾಗ ಹೇಳಬೇಕಿಲ್ರಿ ಬೀಗರ?" ಅಂದ್ರು. "ಬರುವಾಗ ಉಪ್ಪು ತರತಿದ್ದೆ."

ಇಂಥಾ ಬೀಗರನ್ನ ಸಿಟ್ಟಿಲೆ ಕಳಸಾಕ ಬರತೈತೇನು? ಗಾಡ್ಯಾಗ ಕುಂದರಿಸಿಕೊಂಡು ಬೈಪಾಸ್ ಕಡೆ ಹೋಗಿ ಮಿರ್ಚಿ ಕೊಡಿಸಿದೆ. ತಿನ್ನುವಾಗ ಗೊತ್ತಾತು, ಅವರಿಗೂ ಕರದದ್ದು ಬಂದ್. ಬಂದ್ ಮಾಡಿದಾಕಿ ನನ್ನ ಮಗಳ. ತಾಯಿಗೆ ತಕ್ಕಂಗ ಆಗ್ಯಾಳ. ಅವತ್ತಿಂದ ಬೀಗರಿಗೆ ನನ್ನ ಶಟರ್ ಮ್ಯಾಲ ಭಾಳ ಪ್ರೀತಿ. ಸುಮ್ಮ ಸುಮ್ಮನ ನೋಡಿಕೊಂಡು ಹೋಗಾಕ ಬರಾಕತ್ತಿದ್ರು.

ಬಂದೋಬಸ್ತ

ಶಟರ್ ಕುಂದರಿಸೂದು ಯಾರಿಗರ ಬರತೈತಿ. ಬಂದೋಬಸ್ತ ಮಾಡೂದರಾಗ ಮನಷ್ಯಾನ ಕಿಮ್ಮತ್ತು ತಿಳಿಯೂದು. ಆ ಮೋಟರಿನ ಮನಷ್ಯಾ, ಕರೆಂಟ್ ಹೋದ್ರ ಕೈಲೆ ಎತ್ತಾಕಂತ ಒಳಗ ಒಂದು ಸರಪಳಿ ಬಿಟ್ಟಿದ್ದ. ನನಗದು ಸರಿ ಕಾಣಲಿಲ್ಲ. ಕಳ್ಳ ಸಂದ್ಯಾಗ ಕೊಕ್ಕಿ ಹಾಕಿ ಅದನ್ನ ಜಗ್ಗಿದ್ರ? ಬಿಚ್ಚಿ ಅಟ್ಟದ ಮ್ಯಾಲ ಒಗದೆ. ಶೆಡ್ಡಿನ ಗ್ವಾಡಿಗೆ, ಒತ್ತಿದ್ರ ಶಟರ್ ಏಳೂವಂಥಾ ಒಂದು ಗುಂಡಿ ಹಚ್ಚಿದ್ದ. ಕಳ್ಳಗ ಅದು ಬಾ ಅಂತ ಕರದಂಗ. ಅದನ್ನ ಕಿತ್ತಿ ಮನಿ ಒಳಗ ಪಡಸಾಲ್ಯಾಗ ಹಚ್ಚಿಸಿದೆ. ಶೆಡ್ಡಿನಿಂದ ಪಡಸಾಲಿಗೆ ಹೋಗಾಕ ಒಂದು ಸಣ್ಣ ಬಾಗಲಾ ಐತಿ. ಅದಕ್ಕ ಸಾಗವಾನಿ ಕದಾ ಹಾಕಿಸಿ, ಮನಿ ಕಡೆಯಿಂದ ತೊಡಿ ಗಾತ್ರದ ಚಿಲಕಾ ಬಡಿಸಿದೆ. ಶೆಡ್ಡಿಗೆ ಬಂದ್ರೂ ಮನಿಗೆ ಬರಬಾರದು.

ಆ ಮನಷ್ಯಾ ತಲಿ ಕೆರಕೊಂಡು, ಕಾಕಾ, ಸರಪಳಿ ಇರಲ್ರಿ, ಒಳಗ ನೀವ ಇದ್ದಾಗ ಕರೆಂಟ್ ಹೋದ್ರ ಅಂದ. ನಿನ್ನ ಚಹಾ ಆರಾಕತ್ತೈತಿ ಅಂದೆ.

ಗಟ್ಟಿ ಐತೋ ಇಲ್ಲೋ ಅನ್ನೂದನ್ನ ಕಳ್ಳ ಬರೂಮಟ ಕಾಯಬೇಕೇನು? ನಾನ ಕಳ್ಳ ಆಗಿ ನೋಡೂದಂತ, ಕಬ್ಬಿಣದ ಹಾರಿ ತಗೊಂಡು ಹಾಡಹಗಲ ಶಟರ್ ಮುಂದ ನಿಂತೆ. ಬುಡಕ ಹಾರಿ ಹಾಕಿ ಮೀಟಿದೆ, ಒದ್ದೆ, ಹೆಗಲ ಕೊಟ್ಟು ನೂಕಿದೆ. ಜಪ್ಪಯ್ಯ ಅನ್ನಲಿಲ್ಲ. ನನ್ನ ಎದಿ ಉಬ್ಬಿತು. ಅಂಗಿ ಬೆವತು ಮೈಗೆ ಹತ್ತಿತ್ತು, ಧೋತರದ ಚುಂಗು ಬಿಚ್ಚಿತ್ತು, ಆದ್ರೂ ಬಿಡಲಿಲ್ಲ, ಬಡಿಯೂದು ನಡದಿತ್ತು.

ಆಗ ಕಾಯಿಪಲ್ಲೆ ಮಾರಾಕಿ ಬುಟ್ಟಿ ಹೊತ್ತು ಬಂದ್ಲು. ನನ್ನ ನೋಡಿದ್ಲು, ಹಾರಿ ನೋಡಿದ್ಲು. ಕಿಡಕ್ಯಾಗ ನಿಂತಿದ್ದ ನಮ್ಮ ಮನ್ಯಾಕಿಗೆ ಕೇಳಿದ್ಲು, "ಅಕ್ಕಾರ, ಅಜ್ಜಾರನ್ನ ಮನಿ ಬಿಟ್ಟು ಹೊರಗ ಹಾಕಿರೇನ್ರಿ?"

ಮನ್ಯಾಕಿ ಬದನಿಕಾಯಿ ಆರಸಕೋತ ಅಂದ್ಲು, "ಇನ್ನೂ ಇಲ್ಲವ್ವಾ."

ಸಾಗವಾನಿ ಕದದ ಆಚೆ

ಅವತ್ತ ಸಂಜಿಮುಂದ ಬೀಗರು ಬಂದಿದ್ರು, ಚೀಲಾ ಪಡಸಾಲ್ಯಾಗ ಇಟ್ಟಿದ್ರು. ಮನ್ಯಾಕಿ ಗುಡಿಗೆ ಹೋಗಿದ್ಲು. ಇಬ್ಬರೂ ಬೈಪಾಸ್ ಕಡೆ ಹೋಗಿ ನೋಡತೇವಿ, ಅಂಗಡಿ ಮುಂದ ನಿಂದರಾಕ ಜಾಗಾ ಇಲ್ಲ. ಕಟ್ಟಿಸಿಕೊಂಡು ಬಂದು ಶೆಡ್ಡಿನಾಗ ಗಾಡ್ಯಾಗ ಕುಂತು ತಿನ್ನೂಣು, ಯಾರ ಕಣ್ಣಿಗೂ ಬೀಳೂದಿಲ್ಲ ಅಂತ ಬೀಗರಿಗೆ ನಾನ ಹೇಳಿದೆ. ಒಳಗ ಬಂದ್ವಿ. ರಿಮೋಟ್ ಒತ್ತಿದೆ. ಶಟರ್ ಬೆಣ್ಣಿ ಜಾರಿದಂಗ ಇಳದು ನೆಲಕ್ಕ ಕುಂತು. ಕುಂತದ್ದ ತಡಾ, ಕರೆಂಟ್ ಹೋತು.

ಕತ್ತಲ. ಬೀಗರು ಮೆಲ್ಲಕ, ಸರಪಳಿ ಇರತಾವಂತಲ್ರಿ ಇವಕ್ಕ ಅಂದ್ರು. ಅಟ್ಟದ ಮ್ಯಾಲ ಐತಿ ಅಂದೆ. ಆ ಬಾಗಲಾ? ಚಿಲಕಾ ಆ ಕಡೆ ಐತಿ. ಶಟರ್ ಬುಡಕ ಮೀಟೂಣೇನ್ರಿ? ನಾ ಮೀಟಿ ನೋಡೇನಿ, ಏಳೂದಿಲ್ಲ. ಬೀಗರು, ಭಾಳ ಛಲೋ ಕೆಲಸಾ ಮಾಡೀರಿ ಅಂದ್ರು. ಮೊದಲ ಹೇಳಿದ್ನಲ್ಲ, ಧಾರವಾಡದ ಮಾತು.

ಅಷ್ಟರಾಗ ಪಡಸಾಲ್ಯಾಗ ಬಳಿ ಸಪ್ಪಳಾತು. ಮನ್ಯಾಕಿ ಬಂದಿದ್ಲು. ಉಸರ ಹಿಡದು ಕುಂತ್ವಿ. ಕರೆಂಟ್ ಬರೂಮಟ ಸುಮ್ಮನಿದ್ರ ಕರಾರು ಉಳೀತಿತ್ತು. ಆದ್ರ ಮಿರ್ಚಿ ವಾಸನಿಗೆ ಚಿಲಕಾ ಹಾಕಾಕ ನನಗ ಹೊಳದಿದ್ದಿಲ್ಲ.

ಆಕಿ ಬಾಗಲ ಹತ್ರ ಬಂದು ನಿಂತ್ಲು. ನನ್ನ ಕರೀಲಿಲ್ಲ, ಯಾರು ಅಂತ ಕೇಳಲಿಲ್ಲ. "ಬೀಗರ, ಚಹಾ ಕುಡೀತೀರೇನ್ರಿ?" ಅಂದ್ಲು.

ಬೀಗರು ಮರ್ಯಾದಸ್ತ ಮನಷ್ಯಾರು, ಕೇಳಿದವರಿಗೆ ಉತ್ತರಾ ಕೊಡದ ಇದ್ದು ಗೊತ್ತಿಲ್ಲ. "ಸಕ್ರಿ ಕಡಿಮಿ ಹಾಕ್ರಿ ಅಕ್ಕಾರ," ಅಂದ್ರು.

ಮುಗೀತು. ಬಾಗಲಾ ತಗಿ ಅಂದೆ. ಶಟರ್ ಸಿಗಿಸಿತೇನ್ರಿ ಅಂದ್ಲು. ಇದು ಕರೆಂಟಿನ ತಪ್ಪು, ಶಟರಿಂದಲ್ಲ ಅಂದೆ. ಹಂಗಾರ ಕರೆಂಟಿಗೇ ಬಾಗಲಾ ತಗಿ ಅನ್ರಿ ಅಂದು ಮಣಿ ಎಳಕೊಂಡು ಅಲ್ಲೇ ಕುಂತ ಸಪ್ಪಳಾ ಕೇಳಸತು.

"ನಾ ಏನು ಕಳ್ಳನೇನು, ಹಿಂಗ ಕೂಡಿಹಾಕಾಕ?" ಅಂದೆ.

"ಕಳ್ಳ ಆಗಿದ್ರ ಹೊರಗ ಇರತಿದ್ರಿ," ಅಂದ್ಲು. "ಮೊದಲ ರಿಮೋಟ್ ಬಾಗಲ ಬುಡಕ ಸರಸ್ರಿ."

ಬೀಗರ ಕಡೆ ತಿರುಗಿದೆ. ಕೊಟ್ಟು ಬಿಡ್ರಿ, ನಂದು ಕಡೇ ಬಸ್ಸಿನ ವಿಚಾರನೂ ಐತಿ ಅಂದ್ರು. ಎದಿ ಗಟ್ಟಿ ಮಾಡಿಕೊಂಡು ಬಗ್ಗಿ ರಿಮೋಟ್ ಸರಿಸಿದೆ. ಆಕಿ ಅದನ್ನ ಎತ್ತಿಕೊಂಡದ್ದ ತಡಾ, ಕರೆಂಟ್ ಬಂತು. ಶೆಡ್ಡು ತುಂಬ ಬೆಳಕು. ಶಟರ್ ಏಳಾಕ ತಯಾರು. ರಿಮೋಟ್ ಆಚೆ, ಗುಂಡಿ ಪಡಸಾಲ್ಯಾಗ. ಎರಡೂ ನಾನ ಮಾಡಿದ ಬಂದೋಬಸ್ತ. ಬ್ಯಾರೇ ಯಾರರ ಮಾಡಿದ್ರ ಎಲ್ಲೋ ಒಂದು ಕಡೆ ಸಡಲ ಬಿಡತಿದ್ರು.

"ಆ ಪೊಟ್ಟಣನೂ ಸರಸ್ರಿ," ಅಂದ್ಲು.

ಪೊಟ್ಟಣ ಆ ಸಂದ್ಯಾಗ ಹೋಗೂವಂಥಾದ್ದಲ್ಲ. ಪೇಪರ್ ಹರದು, ಒಂದೊಂದ ಮಿರ್ಚಿ ಅದರಾಗ ಸುತ್ತಿ, ಅಂಗೈಲೆ ಒತ್ತಿ ಚಪ್ಪಟಿ ಮಾಡಿ ಸರಿಸಿದೆ. ಬೀಗರು ಕಣ್ಣೀರು ತಂದುಕೊಂಡು ನೋಡಕೋತ ನಿಂತಿದ್ರು. ಕಡೀದು ಹ್ವಾದ ಮ್ಯಾಲೂ ಚಿಲಕಾ ಸಪ್ಪಳಾಗಲಿಲ್ಲ. ಆಚೆ ಕಡೆಯಿಂದ ಮತ್ತೊಂದು ಸಪ್ಪಳಾ ಬರಾಕತ್ತಿತ್ತು. ಕುರುಂ ಕುರುಂ ಅಂತ.

ಆಮ್ಯಾಲ ಚಿಲಕಾ ತಗದು, ಬಾಯಿ ಒರಸಿಕೊಂಡು ಕೇಳಿದ್ಲು, "ಛಲೋ ಅದಾವ್ರಿ. ಯಾವ ಅಂಗಡಿವು?"

ಈಗ ನಮ್ಮನ್ಯಾಗ ದಿನಾ ಸಂಜಿಕ ಶಟರ್ ತಪ್ಪದ ಏಳತೈತಿ. ಆಕಿ ರಿಮೋಟ್ ಒತ್ತತಾಳ, ನಾ ಗಾಡಿ ಹೊಡೀತೇನಿ. ಬೈಪಾಸ್ ಕಡೆ ಹೋಗಿ ಆಕಿ ಮಿರ್ಚಿ ತಗೋತಾಳ. ಅದರ ಜೋಡಿ ಕೊಡೂ ಉಳ್ಳಾಗಡ್ಡಿ ಇರತೈತಲ್ಲ, ಹಸೇದು, ಎಣ್ಣಿ ಸೋಂಕಲಾರದ್ದು, ಅದು ನಂದು.