ಬಸಪ್ಪನ ಎತ್ತುಗಳಿಗೆ ನಾನು ಕೊಟ್ಟ ರಜೆ

ನಿಜಾಮರ ಕಾಲದಲ್ಲಿ ಯಲಬುರ್ಗಾ ಸೀಮೆಯ ಒಂದು ಹಳ್ಳಿಯಲ್ಲಿ ನಾನು ಉರ್ದು ಮಾಸ್ತರನಾಗಿದ್ದೆ. ಉರ್ದು ಬಲ್ಲವನಿಗೆ ಕಾನೂನೂ ಗೊತ್ತಿರುತ್ತದೆ ಎಂದು ಊರಿನವರು ನಂಬಿದ್ದರು. ಅವರನ್ನು ದೂರುವಂತಿಲ್ಲ, ನಾನೂ ಹಾಗೇ ನಂಬಿದ್ದೆ.

ಆ ನಂಬಿಕೆಯಿಂದಲೇ ಗೆಳೆಯ ಬಸಪ್ಪ ತನ್ನ ವಸಿಯತ್‌ನಾಮೆಯಲ್ಲಿ, ಅಂದರೆ ಮರಣಪತ್ರದಲ್ಲಿ, ನನ್ನನ್ನು ‘ವಸಿ’ ಎಂದು ಬರೆಸಿದ. ಸತ್ತವನ ಮಾತು ನಡೆಸಿಕೊಡುವವನೇ ವಸಿ. ಹೊಲ ಮತ್ತು ಬೀಜದ ಜೋಳ ಹೆಂಡತಿ ಗೌರವ್ವನಿಗೆ, ಜೋಡೆತ್ತು ಕುಷ್ಟಗಿಯಲ್ಲಿದ್ದ ಅಕ್ಕನ ಮಗನಿಗೆ. ಪತ್ರ ಇಷ್ಟೇ. ಶ್ರಾವಣದಲ್ಲಿ ಬಸಪ್ಪ ತೀರಿಕೊಂಡ. ಅತ್ತು ಮುಗಿಸಿ, ಕೋಟು ತೊಟ್ಟು, ಕೊಪ್ಪಳದ ವಕೀಲರ ಬಳಿ ಹೋದೆ.

“ವಸಿ ಅಂದ್ರ ಕಾವಲುಗಾರ, ಮಾಲಕ ಅಲ್ಲ. ಅದಾಲತ್ತಿನ ಹುಕುಂ ಬರೂತನಕ ಯಾರಿಗೂ ಏನೂ ಹಂಚಬ್ಯಾಡ್ರಿ,” ಎಂದರು ವಕೀಲರು. ಇನ್ನೂ ಏನೋ ಹೇಳುವವರಿದ್ದರು. ನನಗೆ ಇಷ್ಟೇ ಸಾಕಾಯಿತು. ಎದ್ದು ಬಂದೆ.

ಬಂದವನೇ ಬೀಜದ ಗುಡಾಣಗಳ ಬಾಯಿಗೆ ಬಟ್ಟೆ ಬಿಗಿದು ಅರಗು ಸುರಿದೆ. ಮುದ್ರೆ ಇರಲಿಲ್ಲ, ಬೆರಳಿನ ಉಂಗುರವನ್ನೇ ಒತ್ತಿದೆ. ಬೆರಳು ಸುಟ್ಟಿತು. ಕರ್ತವ್ಯದ ಮೊದಲ ಗಾಯ! ಎತ್ತುಗಳನ್ನು ಕೊಟ್ಟಿಗೆಯಿಂದ ಬಿಚ್ಚಕೂಡದೆಂದು ಅಪ್ಪಣೆ ಮಾಡಿದೆ.

ಹಸ್ತಾ ಮಳೆ ಸುರಿಯಿತು. ಗೌರವ್ವ ಬಂದಳು.

“ಮಾಸ್ತರ್ರ, ಹೊಲ ಹದಕ್ಕ ಬಂದೈತಿ. ಬೀಜಾ ಕೊಡ್ರಿ, ಎತ್ತ ಬಿಡ್ರಿ.”

“ಹೊಲ ನಿಂದು, ಎತ್ತು ಕುಷ್ಟಗಿ ಅಳಿಯಂದು. ಅವನ ಎತ್ತು ನಿನ್ನ ಹೊಲದಾಗ ದುಡಿದ್ರ ಹಂಚಿಕಿ ಆದಂಗವ್ವಾ. ಹುಕುಂ ಬರ್ಲಿ.”

“ಹುಕುಂ ಬರೂತನಾ ಹದಾ ನಿಲ್ತೈತೇನ್ರಿ?”

ಪತ್ರ ಬಿಚ್ಚಿ ಇನ್ನೊಮ್ಮೆ ಓದಿದೆ, ಅದರಲ್ಲಿ ಹದದ ಮಾತೇ ಇರಲಿಲ್ಲ. ಈ ಹದ ತಪ್ಪಿದರೆ ಅವಳಿಗೆ ವರ್ಷದ ರೊಟ್ಟಿಯೇ ಇಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ಕಾನೂನು!

ಊರಿನ ಎತ್ತೆಲ್ಲ ಬೀಜ ಬಿತ್ತುವ ಕೂರಿಗೆ ಎಳೆಯುತ್ತಿದ್ದವು. ಇವೆರಡು ಮಾತ್ರ ಮೆಲುಕು ಹಾಕುತ್ತ ಮೈ ಬೆಳೆಸಿದವು. ದಿನಾ ಮೇವು ಹಾಕಲು ಹೋದಾಗ ಅವು ಕತ್ತೆತ್ತಿ ನೋಡಿದರೆ ಬಸಪ್ಪನೇ ನೋಡಿದಂತಾಗಿ ನನಗೆ ಸಂಕಟವಾಗುತ್ತಿತ್ತು.

“ಎತ್ತಿಗೆ ಮೇವು ಹಾಕಾಕ ಹುಕುಂ ಬ್ಯಾಡೇನು?” ಎಂದಳು ನನ್ನ ಹೆಂಡತಿ ಪಾರ್ವತಿ.

“ಅದು ಕಾಪಾಡೂದು. ವಸಿಯ ಕರ್ತವ್ಯ.”

“ಹಂಗಾರ ಹೊಲಾ ಕಾಪಾಡೂದು ಯಾರ ಕರ್ತವ್ಯರಿ?”

ಅವಳ ಬಾಯಿ ಮುಚ್ಚಿಸಲೆಂದೇ ಮತ್ತೆ ಕೊಪ್ಪಳಕ್ಕೆ ಹೋದೆ. ವಕೀಲರು ಹಣೆ ಹಣೆ ಬಡಿದುಕೊಂಡರು.

“ಬಿತ್ತೂದು ಹಂಚಿಕಿ ಅಲ್ರಿ! ಹುಕುಂ ಬರೂತನಕ ಎತ್ತೂ ಬಸಪ್ಪಂದ, ಹೊಲಾನೂ ಬಸಪ್ಪಂದ. ಹೊಲಾ ಬೀಳು ಬಿದ್ರ ನೀವ ಹೊಣಿ. ಅವತ್ತ ಹೇಳಾಂವ ಇದ್ದೆ, ನೀವು ಎದ್ದ ಹೋದ್ರಿ.”

ಎದ್ದೆನೋ ಬಿದ್ದೆನೋ ಎಂದು ಮರುದಿನ ಊರು ಮುಟ್ಟಿ ನೇರ ಹೊಲಕ್ಕೆ ಓಡಿದೆ. ಹೊಲದ ತುಂಬ ಕೂರಿಗೆಯ ಸಾಲುಗಳು! ಊರಿನವರು ತಮ್ಮ ತಮ್ಮ ಬೀಜ ತಂದು, ತಮ್ಮ ಎತ್ತು ಹೂಡಿ, ಬಿತ್ತಿ ಮುಗಿಸಿದ್ದರು. ಗೌರವ್ವ ಬದುವಿನ ಮೇಲೆ ಕೂತಿದ್ದಳು.

“ನೀವಿದ್ದಾಗ ಬಿತ್ತಿದ್ರ ನಿಮಗ ಸಂಕಟ ಆಕ್ಕಿತ್ತರಿ. ಅದಕ್ಕ ನೀವು ಊರು ದಾಟೂದನ್ನ ಕಾಯ್ಕೊಂತ ಕುಂತಿದ್ವಿ,” ಎಂದಳು.

ಅಂದರೆ ವಸಿಯಾಗಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ, ಆ ದಿನ ಊರಲ್ಲಿ ಇಲ್ಲದಿದ್ದದ್ದು.

ಚಳಿಗಾಲದಲ್ಲಿ ತೆನೆ ಹಾಲುಗಟ್ಟಿತು. ಗೌರವ್ವ ಅದೇ ಹೊಲದಲ್ಲಿ ಎಳೆ ತೆನೆ ಸುಟ್ಟು, ಉಜ್ಜಿ, ಬಿಸಿ ಬಿಸಿ ಸೀತನಿಯನ್ನು ಎಲ್ಲರ ಬೊಗಸೆಗೂ ಸುರಿದಳು. ನನ್ನ ಬೊಗಸೆ ತುಂಬಿದಾಗ ಹಳೆಯ ಚಾಳಿ, ಸ್ವಲ್ಪ ತಡೆದೆ.

“ತಿನ್ರಿ ಮಾಸ್ತರ್ರ. ಇದು ಹಂಚಿಕೀನ. ಹುಕುಂ ಇಲ್ದನ ಊರಿಗೆಲ್ಲ ಹಂಚೀನಿ.”

ತಿಂದೆ. ಬಸಪ್ಪ ನೆನಪಾಗಿ ಕಣ್ಣು ತುಂಬಿತು. ಹೊಗೆ ಎಂದು ಹೇಳಿದೆ, ಯಾರೂ ನಂಬಲಿಲ್ಲ. ಅದಾಲತ್ತಿನ ಹುಕುಂ ಇನ್ನೂ ಬಂದಿರಲಿಲ್ಲ. ನಾನು ಎರಡನೇ ಸಲ ಬೊಗಸೆ ಒಡ್ಡಿದೆ.