ಬೆಟ್ಟಂಪಾಡಿಯ ಕರೆಂಟ್ ಪರೀಕ್ಷೆ

ಯಜ್ಞೇಶ್ವರನ ಕೈಗೆ ಕಾಲೇಜಿನ ಮೀಟರು ಬಂದದ್ದೇ ಎಲ್ಲ ಎಡವಟ್ಟಿಗೂ ಮೂಲ. ಎಲೆಕ್ಟ್ರಿಕಲ್ ಇಂಜಿನಿಯರಿಂಗಿನ ಕೊನೆಯ ವರ್ಷ. ಪವರ್ ಸಿಸ್ಟಮ್ಸ್ ಕಲಿಸುವ ಪ್ರೊಫೆಸರು ಒಬ್ಬೊಬ್ಬ ಹುಡುಗನಿಗೂ ಒಂದೊಂದು ಊರು ಹಂಚಿದ್ದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆ ಊರು ಎಷ್ಟೆಷ್ಟು ಕರೆಂಟು ಎಳೆಯುತ್ತದೆಂದು ಅಳೆದು ನಕ್ಷೆ ತರಬೇಕು. “ಅಳೆದದ್ದು ತನ್ನಿ. ಪುಸ್ತಕ ನೋಡಿ ಗೀಚಿದ್ದು ತಂದವನು ಇನ್ನೊಂದು ವರ್ಷ ಇದೇ ಬೆಂಚಿನಲ್ಲಿ ಕೂರ್ತಾನೆ” ಎಂದು ಹೇಳಿಯೇ ಕಳಿಸಿದ್ದರು.

ಅವನ ಪಾಲಿಗೆ ಬಂದದ್ದು ಸ್ವಂತ ಊರು ಬೆಟ್ಟಂಪಾಡಿಯೇ. ಅಲ್ಲಿಗೆ ಕರೆಂಟು ಬಂದು ಆಗಿನ್ನೂ ವರ್ಷ ತುಂಬಿತ್ತಷ್ಟೆ. ಇಂಜಿನಿಯರಿಂಗ್ ಓದುವ ಹುಡುಗ ಊರಿಗೇ ಇವನೊಬ್ಬ. ಆ ಹೆಮ್ಮೆಗೆ ಮನೆಮನೆಯವರೂ ಕರೆದು ಊಟ ಹಾಕಿದ್ದರಿಂದ ರಜೆಯೆಲ್ಲ ಹೊಟ್ಟೆಗೇ ಸರಿಹೋಯಿತು. ಅಳೆಯಲು ಉಳಿದದ್ದು ಕೊನೆಯ ದಿನ ಮಾತ್ರ.

ಬೆಳಿಗ್ಗೆ ಲೈನ್‌ಮನ್ ತ್ಯಾಂಪಣ್ಣನನ್ನು ಕಾಡಿಬೇಡಿ ಟ್ರಾನ್ಸ್‌ಫಾರ್ಮರಿನ ಹತ್ತಿರ ಮೀಟರು ಹಿಡಿದು ನಿಂತ. ಅದು ಏಡಿಯ ಹಾಗೆ ತಂತಿಯನ್ನು ಕಚ್ಚಿಕೊಳ್ಳುವ ಮೀಟರು. ಎದುರಿನ ಅಕ್ಕಿ ಮಿಲ್ಲಿನ ಕಲಂದರ್ ಬ್ಯಾರಿ ಮುಂಡು ಎತ್ತಿ ಕಟ್ಟಿಕೊಂಡು ಬಂದರು.

“ಇದು ಎಂತ, ಇಂಜಿನಿಯರ್ರೆ?”

“ನಮ್ಮ ಪೇಟೆಗೆ ಎಷ್ಟು ಕರೆಂಟು ಹೋಗ್ತದೆ ನೋಡುದು, ಬ್ಯಾರಿಗಳೇ. ನಾಳೆ ಪ್ರೊಫೆಸರಿಗೆ ತೋರಿಸ್ಲಿಕ್ಕುಂಟು.”

“ಬೇರೆ ಊರಿದ್ದೂ ತೋರಿಸ್ತಾರಾ?”

“ಹೌದು. ಮರ್ಕಂಜದ್ದು ಇನ್ನೊಬ್ಬ ತರ್ತಾನೆ.”

ಅಷ್ಟು ಸಾಕಾಯಿತು. ಕಲಂದರ್ ಬ್ಯಾರಿ ಪೇಟೆಯ ಆ ತುದಿಯಿಂದ ಈ ತುದಿಗೆ ಒಂದು ಸುತ್ತು ಹಾಕಿ, ಮರ್ಕಂಜದ ಎದುರು ನಮ್ಮ ಹುಡುಗ ತಲೆ ತಗ್ಗಿಸಬಾರದೆಂದು ಎಲ್ಲರ ಕಿವಿಗೂ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಸುಡು ಬಿಸಿಲಿನಲ್ಲೇ ಅಂಗಡಿ ಅಂಗಡಿಯ ಬಲ್ಬುಗಳು ಉರಿದವು. ದರ್ಜಿಯ ಇಸ್ತ್ರಿಪೆಟ್ಟಿಗೆ ಬಟ್ಟೆಯಿಲ್ಲದೆ ಕಾದಿತು. ಮಿಲ್ಲು ಭತ್ತವಿಲ್ಲದೆ ತಿರುಗಿತು. ಮೀಟರಿನ ಮುಳ್ಳು ಏರಿತು, ಏರಿತು, ಢಂ ಎಂದು ಫ್ಯೂಸು ಹಾರಿತು.

ತ್ಯಾಂಪಣ್ಣ ಮೀಟರನ್ನು ತಿರುಗಿಸಿ ಮುರುಗಿಸಿ ನೋಡಿದ. “ಇದು ಕರೆಂಟು ಅಳೆಯುದಾ, ಕುಡಿಯುದಾ ಮಾರಾಯ್ರೆ?”

ಅವನು ಹೊಸ ಫ್ಯೂಸು ಕಟ್ಟಿ ಕೊಟ್ಟರೂ ಬೆಳಗಿನ ಲೆಕ್ಕ ಹಾಳಾಯಿತು. ಯಜ್ಞೇಶ್ವರ ಅಂಗಡಿ ಅಂಗಡಿಗೆ ಹೋಗಿ, ಹೀಗೆಲ್ಲ ಉರಿಸಬೇಡಿ ಎಂದು ಕೈಮುಗಿದು ಬಂದ. ಹುಡುಗನ ಮಾತಿಗೆ ಊರು ಎಷ್ಟು ಬೆಲೆ ಕೊಟ್ಟಿತೆಂದರೆ, ಮಧ್ಯಾಹ್ನ ಮುಳ್ಳು ಸೊನ್ನೆಯ ಮೇಲೆ ತಲೆಯಿಟ್ಟು ಮಲಗಿತು. ಮಿಲ್ಲಿನೆದುರು ಗಿರಾಕಿಗಳು ಭತ್ತದ ಮೂಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಹಗಲಿಡೀ ಹಾಡುತ್ತಿದ್ದ ದೇವಕಿ ಟೀಚರ ರೇಡಿಯೋ ಕೂಡ ಬಾಯಿ ಮುಚ್ಚಿತ್ತು.

“ಟೀಚರೇ, ರೇಡಿಯೋ ಯಾಕೆ ಹಾಕಲಿಲ್ಲ?”

“ನಾವೇ ಎಲ್ಲ ಕರೆಂಟು ಮುಗಿಸಿದ್ರೆ ನಿನಗೆ ಅಳೀಲಿಕ್ಕೆ ಎಂತ ಉಳೀತದೆ, ಮಾಣಿ?” ಎಂದರು ಟೀಚರು, ಬಹಳ ಅಕ್ಕರೆಯಿಂದ.

ಇನ್ನುಳಿದದ್ದು ಸಂಜೆ. ಸಂಜೆಯದೊಂದು ಸರಿಯಾಗಿ ಸಿಕ್ಕಿದರೂ ಹೇಗೋ ಪಾಸು. ಅದೂ ಹೋದರೆ ಹಳೆಯ ಬೆಂಚೇ ಗತಿ. ಯಜ್ಞೇಶ್ವರ ಎಲ್ಲರನ್ನೂ ಮಿಲ್ಲಿನ ಜಗಲಿಗೆ ಕರೆದ. ಅವನ ಅಮ್ಮ ಪರಮೇಶ್ವರಿಯೂ ಬಂದು ಕಂಬದ ಹಿಂದೆ ನಿಂತರು.

“ನೀವು ನನಗಾಗಿ ಎಂತದೂ ಮಾಡುದು ಬೇಡ. ದಿನಾ ಇದ್ದ ಹಾಗೆ ಇದ್ರೆ ಸಾಕು” ಎಂದ.

ಕಲಂದರ್ ಬ್ಯಾರಿ ಗಡ್ಡ ನೀವಿಕೊಂಡರು. “ಅದು ಸರಿ. ಒಳ್ಳೆ ಊರಿದ್ದು ಸಂಜೆಗೆ ಹೇಗಿರ್ತದೆ, ಅದೊಂದು ಹೇಳಿ.”

ನೀನು ಓದುವುದು ಏನು ಎಂದು ಊರು ಅವನನ್ನು ಕೇಳಿದ್ದು ಅದೇ ಮೊದಲು. ಯಜ್ಞೇಶ್ವರನ ಎದೆ ಉಬ್ಬಿತು. ಚಾಕ್‌ಪೀಸು ತರಿಸಿ, ಮಿಲ್ಲಿನ ಗೋಡೆಯ ಮೇಲೆ ಗುಡ್ಡದಂತಹ ಗೆರೆ ಎಳೆದ. ದೀಪ ಹಚ್ಚುವ ಹೊತ್ತಿಗೆ ಮೆಲ್ಲನೆ ಏರುವುದು, ಏಳೂವರೆಗೆ ನೆತ್ತಿ, ಅಂಗಡಿ ಮುಚ್ಚುತ್ತ ಬಂದಂತೆ ಇಳಿಯುವುದು. ಎಲ್ಲರೂ ಗೋಣು ಹಾಕಿದರು. ಅಮ್ಮ ಸೆರಗಿನಿಂದ ಕಣ್ಣೊರಸಿಕೊಂಡದ್ದನ್ನು ಕಂಡು, ಬೆಳಗಿನಿಂದ ಪಟ್ಟ ಪಾಡನ್ನೆಲ್ಲ ಅವನು ಮರೆತ.

ಸಂಜೆ ಮುಳ್ಳು ಚಿನ್ನದಂತೆ ನಡೆದುಕೊಂಡಿತು. ಮೆಲ್ಲಗೆ ಎದ್ದಿತು, ಏಳೂವರೆಗೆ ನೆತ್ತಿ ಮುಟ್ಟಿತು, ಹಾಗೆಯೇ ಇಳಿಯಿತು. ಎಲ್ಲೂ ಒಂದು ತೊಡರಿಲ್ಲ. ಕಾಗದದ ಮೇಲೆ ಚುಕ್ಕೆ ಸೇರಿಸಿದರೆ ಪುಸ್ತಕದ ಚಿತ್ರವೇ ಮೂಡಿತು. ಗೀಚಿದ್ದಲ್ಲ, ಕಣ್ಣಾರೆ ಅಳೆದದ್ದು. ಈ ಊರಿನಲ್ಲಿ ಹುಟ್ಟಿದ್ದಕ್ಕೂ ಸಾರ್ಥಕವಾಯಿತು ಅನ್ನಿಸಿತು ಅವನಿಗೆ. ತ್ಯಾಂಪಣ್ಣನನ್ನು ತಬ್ಬಿಕೊಂಡು, ಕಾಗದವನ್ನು ಎದೆಗೊತ್ತಿ ಮನೆಗೆ ನಡೆದ.

ಮನೆಯಲ್ಲಿ ಅಮ್ಮ ಚಿಮಿಣಿ ದೀಪ ಇಟ್ಟುಕೊಂಡು ಬಾಳೆಲೆ ಹಾಕುತ್ತಿದ್ದರು.

“ಲೈಟು ಯಾಕೆ ಹಾಕಲಿಲ್ಲ ಅಮ್ಮಾ?”

“ನಮ್ಮ ಸರದಿ ಮುಗೀತಲ್ಲ ಮಗಾ.”

“ಎಂತ ಸರದಿ?”

“ನಮ್ಮದು ಏಳಕ್ಕೆ ಹಾಕಿ ಎಂಟಕ್ಕೆ ಆರಿಸುದು. ಟೀಚರದ್ದು ಏಳೂವರೆಗೆ, ರೇಡಿಯೋ ಸಮೇತ. ನೀನು ಆಚೆ ಚಾ ಕುಡೀಲಿಕ್ಕೆ ಹೋದಾಗ ಬ್ಯಾರಿಗಳು ಗೋಡೆಯ ಗುಡ್ಡ ನೋಡಿ ಎಲ್ಲರಿಗೂ ಹಂಚಿದ್ರು. ಯಾರಾದ್ರೂ ಮರೆತ್ರೆ ಮಿಲ್ಲಿನ ಮಾಳಿಗೆಯಿಂದ ಟಾರ್ಚು ಬಿಡುದು. ಒಬ್ಬರೂ ತಪ್ಪಲಿಲ್ಲ ನೋಡು.” ಅಮ್ಮನ ಮುಖ ದೀಪಕ್ಕಿಂತ ಹೆಚ್ಚು ಬೆಳಗುತ್ತಿತ್ತು.

ಯಜ್ಞೇಶ್ವರ ಎಲೆಯ ಮುಂದೆ ಕೂತು ಕಾಗದ ಬಿಡಿಸಿ ನೋಡಿದ. ಪುಸ್ತಕ ನೋಡಿ ಗೀಚಿದ್ದು ಅವನಲ್ಲ, ಇಡೀ ಊರು. ಇದನ್ನು ಪ್ರೊಫೆಸರಿಗೆ ಯಾವ ಬಾಯಲ್ಲಿ ಹೇಳುವುದು? ಹೇಳದೆ ಯಾವ ಮುಖದಲ್ಲಿ ಕೊಡುವುದು?

ಅಷ್ಟರಲ್ಲಿ ಅಂಗಳದಲ್ಲಿ ಟಾರ್ಚು ಬೆಳಗಿತು. ಕಲಂದರ್ ಬ್ಯಾರಿ ಜಗಲಿ ಹತ್ತಿದರು. ಹಿಂದೆ ಅರ್ಧ ಪೇಟೆಯೇ ಇತ್ತು.

“ಗುಡ್ಡ ಸರಿ ಬಂತಾ ಇಂಜಿನಿಯರ್ರೆ?”

ಅಷ್ಟೂ ಮುಖಗಳು ಅವನನ್ನೇ ನೋಡುತ್ತಿದ್ದವು. ಯಜ್ಞೇಶ್ವರ ಹೌದೆಂದು ತಲೆಯಾಡಿಸಿದ.

“ಮುಖ ಯಾಕೆ ಸಣ್ಣ ಮಾಡಿದ್ರಿ? ಸಾಲದಿದ್ರೆ ಹೆದರುದು ಬೇಡ” ಎಂದು ಬ್ಯಾರಿಗಳು ಅವನ ಬೆನ್ನು ತಟ್ಟಿದರು. “ನಾಳೆ ಮಾಷ್ಟ್ರ ಹತ್ರ ಕೇಳಿ ಬನ್ನಿ. ಅವರಿಗೆ ಯಾವ ಆಕಾರದ್ದು ಬೇಕೋ ಹೇಳ್ಲಿ, ನಾವು ಮಾಡಿ ಕೊಡುವ.”