ನಾಲ್ಕು ಸೆಲ್ಲು ಮತ್ತು ಒಬ್ಬ ವಿಜ್ಞಾನ ಮಾಸ್ತರ

ಮೂವತ್ತು ವರ್ಷ ಒಂದು ವಿಷಯವನ್ನು ಕಲಿಸಿದವನಿಗೆ ಆ ವಿಷಯ ಬರುತ್ತದೆ ಎಂದು ಜನ ನಂಬುತ್ತಾರೆ. ಜನರಿಗಿಂತ ಹೆಚ್ಚಾಗಿ ಅವನೇ ನಂಬುತ್ತಾನೆ. ನಾನು ಭಾಲ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ಧನ, ಋಣ ಎಂದು ಹಲಗೆಯ ಮೇಲೆ ಬರೆದು ಸವೆಸಿದ ಸೀಮೆಸುಣ್ಣವನ್ನೆಲ್ಲ ಕೂಡಿಟ್ಟಿದ್ದರೆ ಒಂದು ಮನೆಗೆ ಸುಣ್ಣ ಬಳಿಯಬಹುದಿತ್ತು. ಆದರೆ ನಮ್ಮ ಮನೆಯ ಗೋಡೆ ಗಡಿಯಾರಕ್ಕೆ ಸೆಲ್ ಹಾಕುವವಳು ನನ್ನ ಹೆಂಡತಿ. ಈ ಗುಟ್ಟು ಓಣಿಗೆ ಗೊತ್ತಿರಲಿಲ್ಲ.

ಮಳೆ ಎರಡನೇ ವರ್ಷವೂ ಕೈಕೊಟ್ಟು, ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿದ್ದ ಕಾಲ ಅದು. ಪಕ್ಕದ ಮನೆಯ ಸುಧಾಕರ, ಒಂದಾನೊಂದು ಕಾಲದ ನನ್ನ ವಿದ್ಯಾರ್ಥಿ, ಹೆಂಡತಿಯನ್ನು ಕರೆದುಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಶಾಲೆ ತಪ್ಪಬಾರದೆಂದು ಮಗಳು ಆಶಾ ಅಜ್ಜಿಯ ಹತ್ತಿರ ಉಳಿದಿದ್ದಳು. ಊರಿಗೆ ಬರುವವರ ಕೈಯಲ್ಲಿ ಅವನು ಮಗಳಿಗೆ ಒಂದು ಕೆಂಪು ರಿಮೋಟ್ ಕಾರು ಕಳಿಸಿದ. ಜೊತೆಗೆ ಫೋನಿನಲ್ಲಿ ಮಗಳಿಗೆ ಒಂದು ಮಾತು: "ಕ್ರಿಸ್ಮಸ್‌ಕ್ಕ ಬರ್ತೇನಿ ಅವ್ವಾ, ಇಬ್ಬರೂ ಕೂಡಿ ಓಡಸೋಣ."

ಹುಡುಗಿ ಅದನ್ನು ಅಂಗಳದಲ್ಲಿ ಒಮ್ಮೆ ಓಡಿಸಿ ತೋರಿಸಿದಾಗ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಟ್ಯಾಂಕರ್ ನೀರನ್ನು ಚರಿಗೆಯಲ್ಲಿ ಅಳೆದು ಬಳಸುತ್ತಿದ್ದ ದಿನಗಳು, ಉಳಿತಾಯದ ಬುದ್ಧಿ ತಲೆಗೇರಿತ್ತು. "ಅಪ್ಪ ಬರೋತನಕ ಸೆಲ್ ತೆಗೆದಿಡೋಣವ್ವ, ಸುಮ್ಮನ ಖರ್ಚಾಗ್ತಾವ" ಎಂದು ನಾನೇ ಸ್ಕ್ರೂ ಬಿಚ್ಚಿ ತೆಗೆದುಕೊಟ್ಟೆ. ಎರಡು ತಿಂಗಳು ಅವಳು ಆ ಕಾರನ್ನು ದಿನವೂ ಒರೆಸಿದಳು, ಓಡಿಸಲಿಲ್ಲ. ಹಿರಿಯರ ಮಾತು ಕೇಳುವ ಮಕ್ಕಳಿಂದ ಆಗುವ ಅನಾಹುತದ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ.

ಕ್ರಿಸ್ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಕಾರು ನನ್ನ ಮುಂದೆ ಬಂತು. ಬೀದರಿಗೆ ಹೋದಾಗ ಗಾಂಧಿ ಗಂಜಿನ ಹತ್ತಿರ ನಾಲ್ಕು ಹೊಸ ಸೆಲ್ ತಂದು ನಾನು ಉದಾರಿಯೂ ಆಗಿದ್ದೆ.

"ರಿಮೋಟಿಗಿ ನಾನೇ ಹಾಕೀನ್ರಿ ಸರ್. ಕಾರಿಗಿ ನೀವು ಹಾಕ್ರಿ, ಸ್ಕ್ರೂ ಅದ."

ಇಲ್ಲಿ ನನ್ನ ಟಾರ್ಚಿನ ಕಥೆ ಹೇಳಬೇಕು. ನನ್ನ ಮೊದಲ ನೌಕರಿ ಔರಾದ ಕಡೆಯ ಹಳ್ಳಿಯಲ್ಲಿ. ಅಲ್ಲಿ ಕರೆಂಟು ಅತಿಥಿ, ಮೂರು ಸೆಲ್ಲಿನ ಟಾರ್ಚೇ ಮನೆಯವ. ಟಾರ್ಚಿನಲ್ಲಿ ಸೆಲ್ಲುಗಳು ಪ್ರಾರ್ಥನೆಗೆ ನಿಂತ ಹುಡುಗರಂತೆ ಒಂದರ ಹಿಂದೊಂದು, ಎಲ್ಲವುಗಳ ಮುಖ ಒಂದೇ ಕಡೆ. ತಲೆ ಮರೆತರೂ ಕೈ ಮರೆತಿರಲಿಲ್ಲ. ಕಾರಿನಲ್ಲೂ ನಾಲ್ಕರ ಮುಖವನ್ನು ಒಂದೇ ಕಡೆ ಮಾಡಿ ಹಾಕಿದೆ. ಕಾರು ಮಿಸುಕಲಿಲ್ಲ. ಆಗ ನನ್ನೊಳಗಿನ ವಿಜ್ಞಾನಿ ಎದ್ದು ಕುಳಿತ. ಅಕ್ಕಪಕ್ಕ ಮಲಗುವ ಸೆಲ್ಲುಗಳು ಒಂದು ಹೀಗೆ, ಒಂದು ಹಾಗೆ ಇರಬೇಕಲ್ಲವೇ! ಎರಡನ್ನು ತಿರುಗಿಸಿದೆ. ಸರಿಯಾಗಿದ್ದ ಎರಡನ್ನು. ಈಗ ನಾಲ್ಕೂ ಉಲ್ಟಾ. ಸೆಲ್ ಕೂರಿಸುವ ಡಬ್ಬಿಯ ತಳದಲ್ಲಿ ಧನ, ಋಣದ ಗುರುತು ಅಚ್ಚಾಗಿತ್ತು, ಆದರೆ ವಿಜ್ಞಾನ ಮಾಸ್ತರನಾದವನು ಎರಡು ಸೆಲ್ಲಿಗಾಗಿ ಕನ್ನಡಕ ಹುಡುಕುವುದೇ? ಗುಂಡಿ ಒತ್ತಿದೆ.

"ಸರ್, ಏನೋ ವಾಸನಿ ಬರ್ಲಿಕತ್ತದ್ರಿ."

ಆಮೇಲೆ ಕನ್ನಡಕವೂ ಬಂತು, ಸೆಲ್ಲೂ ಸರಿಯಾಯಿತು. ಕಾರು ಮಾತ್ರ ಮತ್ತೆ ಏಳಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಸುಧಾಕರ ಹೆಂಡತಿಯ ಜೊತೆ ಬಂದ. ಎರಡೇ ದಿನದ ರಜೆ. ಕಾರನ್ನು ಬಿಚ್ಚಿ, ಮೂಗಿಗೆ ಹಿಡಿದು ನೋಡಿದ. "ಒಳಗ ಎಲ್ಲಾ ಸುಟ್ಟದ. ಸೆಲ್ ಯಾರು ಉಲ್ಟಾ ಹಾಕ್ಯಾರ?"

ನಾನು ಬಾಯಿ ತೆರೆಯುವುದರೊಳಗೆ ಆಶಾ ಹೇಳಿದಳು: "ನಾ ಹಾಕೀನಿ ಅಪ್ಪಾ."

ನನ್ನ ಮರ್ಯಾದೆ ಉಳಿಸಲು ಒಂದು ಮಗು ಸುಳ್ಳು ಹೇಳಿತು. ಒಂದು ಉಸಿರಿನಷ್ಟು ಹೊತ್ತು ನನಗೆ ಹಾಯೆನಿಸಿದ್ದು ನಿಜ, ಇಂದಿಗೂ ಅದಕ್ಕೆ ನಾಚಿಕೆಯಾಗುತ್ತದೆ. ಇದೇ ಸುಧಾಕರ ಎಂಟನೇ ತರಗತಿಯಲ್ಲಿ ಬ್ಯಾಟರಿ ಉಲ್ಟಾ ಜೋಡಿಸಿ ಮೀಟರಿನ ಮುಳ್ಳು ಕೆಡಿಸಿದ್ದ. "ಕಣ್ಣಿಲ್ಲೇನೋ ನಿನಗ" ಎಂದು ಇಡೀ ಪೀರಿಯಡ್ ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿದ್ದೆ.

"ಆಕಿ ಅಲ್ಲಪಾ, ನಾನೇ ಹಾಕಿದ್ದು" ಎಂದೆ.

"ನೀವ್ರೀ?" ಎಂದ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ನಗಲಿಲ್ಲ. "ಇರ್ಲಿ ಬಿಡ್ರಿ ಸರ್" ಎಂದು ತಲೆ ತಗ್ಗಿಸಿದ.

ಯಾರೂ ಹೇಳದಿದ್ದರೂ ನಾನು ಹೊರಗೆ ಹೋಗಿ ಅವರ ಅಂಗಳದ ಬೇವಿನ ಕೆಳಗೆ ನಿಂತೆ.

ತುಸು ಹೊತ್ತಿಗೆ ಅಪ್ಪ, ಮಗಳು ಹೊರಗೆ ಬಂದರು. ಕಾರಿನ ಮೂತಿಗೆ ಸುತಳಿ ಕಟ್ಟಿತ್ತು, ಅದರ ತುದಿ ಸುಧಾಕರನ ಕೈಯಲ್ಲಿತ್ತು. ಆಶಾ ರಿಮೋಟ್ ಒತ್ತಿದಳು. ಅವಳೇ ಸೆಲ್ ಹಾಕಿದ ರಿಮೋಟಿನಲ್ಲಿ ಕೆಂಪು ದೀಪ ಚೆನ್ನಾಗಿಯೇ ಉರಿಯಿತು. ಎಡಕ್ಕೆ ಒತ್ತಿದರೆ ಅಪ್ಪ ಎಡಕ್ಕೆ ಎಳೆದ, ಬಲಕ್ಕೆ ಒತ್ತಿದರೆ ಬಲಕ್ಕೆ. ಹೈದರಾಬಾದಿನಲ್ಲಿ ಇಟ್ಟಿಗೆ ಹೊತ್ತು ಬಂದ ಆಳು ಅಂಗಳದ ತುಂಬ ಬಗ್ಗಿಕೊಂಡು ಓಡುತ್ತಿದ್ದ, ಮಗಳು ಕೇಕೆ ಹಾಕುತ್ತಿದ್ದಳು. ನನ್ನ ಕಣ್ಣು ತುಂಬಿ ಬಂತು. ಇದನ್ನು ಕೊಂಚ ನಾನೂ ಸಾಧಿಸಿದೆ ಎಂಬ ಭಾವ ಮೆಲ್ಲಗೆ ತಲೆ ಎತ್ತುತ್ತಿತ್ತು, ಮಾಸ್ತರಿಕೆಯ ಚಟ ನೋಡಿ. ಅಷ್ಟರಲ್ಲಿ ಆಶಾ ಕೂಗಿದಳು:

"ಸರ್, ಸ್ವಲ್ಪ ಸರೀರಿ. ಗಾಡಿ ಬರ್ಲಿಕತ್ತದ."

ಸರಿದೆ.